ಟೈಲರಮ್ಮನ ತಗ್ಗು ಕಟ್ಟೆ

ಅವರನ್ನು ಮೊದಲ ಸಲ ಕಂಡದ್ದು ಗ್ರಾನೈಟ್ ಅಂಗಡಿಯ ಹಿಂಬದಿಯಲ್ಲಿ, ತುಂಡು ಕಲ್ಲುಗಳನ್ನು ಒರಗಿಸಿಟ್ಟ ಗೋಡೆಯ ಬಳಿ. ಅಂಗಡಿಯ ಮುಂಭಾಗದಲ್ಲಿ ಇಡಿಯ ಚಪ್ಪಡಿಗಳು ಕನ್ನಡಿಯ ಹಾಗೆ ಹೊಳೆಯುತ್ತ ನಿಂತಿರುತ್ತವೆ. ಹೊಸ ಮನೆ ಕಟ್ಟಿಸುವ ದಂಪತಿಗಳು ಅಲ್ಲಿ ಓಡಾಡುತ್ತ, ಇದು ಚೆನ್ನ ಅದು ಚೆನ್ನ ಎಂದು ತಮ್ಮತಮ್ಮಲ್ಲೇ ಮುನಿಸಿಕೊಳ್ಳುತ್ತಿರುತ್ತಾರೆ. ಹಿಂಬದಿಗೆ ಬರುವವರು ಬೇರೆಯ ಜನ. ಕಿಟಕಿಯ ಕೆಳಗೆ ಹಾಸಲು ಒಂದು ಪಟ್ಟಿ, ನೀರಿನ ಡ್ರಮ್ಮಿನ ಅಡಿಗೆ ಒಂದು ಚೌಕ, ಬಿಸಿ ಕುಕ್ಕರು ಇಳಿಸಲು ಒಂದು ತುಂಡು, ಇಷ್ಟೇ ಅವರಿಗೆ ಬೇಕಾದದ್ದು. ಯಾರದೋ ಮನೆಯ ಅಡುಗೆ ಕಟ್ಟೆಗೆಂದು ಕೊಯ್ದ ಮೇಲೆ ಉಳಿದದ್ದು, ಸಿಂಕು ಕೂರಿಸಲು ನಡುವೆ ಕಿಂಡಿ ಕೊರೆದಾಗ ಹೊರಬಿದ್ದದ್ದು, ಸಾಗಿಸುವಾಗ ಮೂಲೆ ಮುರಿದದ್ದು, ಎಲ್ಲವೂ ಅಲ್ಲಿ ಹೆಗಲಿಗೆ ಹೆಗಲು ತಾಗಿಸಿಕೊಂಡು ನಿಂತಿರುತ್ತವೆ.

ಕೊಯ್ಯುವ ಮಿಷಿನ್ನಿನಿಂದ ಹರಿದು ಬಂದ ಬೂದು ಕೆಸರಿನಲ್ಲಿ ಚಪ್ಪಲಿ ಅದ್ದಿಕೊಂಡು, ಎತ್ತರದ, ತುಸು ಬಾಗಿದ ಒಬ್ಬರು ಆ ತುಂಡುಗಳನ್ನು ಒಂದೊಂದಾಗಿ ಮುಂದಕ್ಕೆ ವಾಲಿಸಿ ನೋಡುತ್ತಿದ್ದರು. ಕೊರಳಲ್ಲಿ ಹಳದಿ ಬಟ್ಟೆಯ ಟೇಪು, ಟೈಲರುಗಳು ಹಾಕಿಕೊಳ್ಳುವಂಥದು. ಅಂಗಡಿಯ ಯಜಮಾನ ಮುಂಭಾಗದಿಂದಲೇ ಕೂಗಿ ಕೇಳಿದ:

"ಏನ್ ಡ್ರೈವರ್ ಸಾಹೇಬ್ರೇ, ಇವತ್ತು ಕಲ್ಲಿಗೆ ಅಂಗಿ ಹೊಲಿಸ್ತೀರೋ, ಚಡ್ಡಿನೋ?"

"ಹೊಲಿಯೋರು ಮನೇಲಿದ್ದಾರೆ. ನಾನು ಬರೀ ಅಳತೆ ತಗೊಂಡು ಹೋಗೋನು," ಎಂದರು ಅವರು, ತಲೆ ಎತ್ತದೆ.

"ಅಳತೆ ತಗೊಳ್ಳೋರು ತುಂಬಾ ಜನ. ಕಲ್ಲು ತಗೊಳ್ಳೋರು ಕಮ್ಮಿ."

"ತಗೊಳ್ಳೋ ಹಾಗಿರೋ ಕಲ್ಲು ಇಡಪ್ಪ, ತಗೋತೀನಿ."

ಯಜಮಾನ ನಕ್ಕ. ಅವರೂ ನಕ್ಕರು. ಆದರೆ ಆ ಟೇಪು ಹಿಡಿದ ಬೆರಳುಗಳಲ್ಲಿ ನಗುವಿರಲಿಲ್ಲ. ಪರೀಕ್ಷೆಯ ದಿನ ಪೆನ್ನಿನ ಶಾಯಿಯನ್ನು ಮತ್ತೆಮತ್ತೆ ನೋಡಿಕೊಳ್ಳುವ ಹುಡುಗರ ಬೆರಳುಗಳಲ್ಲಿ ಇರುತ್ತದಲ್ಲ, ಅಂಥ ಆತಂಕವಿತ್ತು.

ಕೆಲಸದಲ್ಲಿದ್ದಷ್ಟು ಕಾಲವೂ ಅವರು ಬಸ್ಸು ಓಡಿಸಿದವರು. ನಿವೃತ್ತರಾದ ಮೇಲೂ ಊರಿಗೆಲ್ಲ ಅವರು ಡ್ರೈವರೇ. ಎದುರುಬದುರು ಎರಡು ಲಾರಿ ನಿಂತ ಬೀದಿಯಲ್ಲಿ ಬಸ್ಸು ತೂರಿಸಿ, ಎರಡೂ ಪಕ್ಕದ ಕನ್ನಡಿ ಮುಟ್ಟದಂತೆ ಆಚೆ ತರುವುದು ಅವರಿಗೆ ಲೀಲಾಜಾಲ. ಅವರ ನಂಬಿಕೆಯೆಲ್ಲ ಕಣ್ಣಳತೆಯ ಮೇಲೆ. ಅವರ ಹೆಂಡತಿಯ ನಂಬಿಕೆಯೆಲ್ಲ ಟೇಪಿನ ಮೇಲೆ. ಆಕೆ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ನು ಇಟ್ಟುಕೊಂಡು ಸುತ್ತಮುತ್ತಲ ನಾಲ್ಕು ಬೀದಿಯ ಹೆಂಗಸರಿಗೆ ರವಿಕೆ, ಮಕ್ಕಳಿಗೆ ಶಾಲೆಯ ಬಟ್ಟೆ ಹೊಲಿದುಕೊಡುತ್ತಿದ್ದರು. ಎಲ್ಲರ ಬಾಯಲ್ಲೂ ಟೈಲರಮ್ಮ.

"ನಿಮ್ಮ ಕಣ್ಣಳತೆ ಬಸ್ಸಿಗೆ ಸರಿ ರೀ, ರವಿಕೆಗೆ ಬೇಡ," ಎಂದು ಆಕೆ ಛೇಡಿಸಿದರೆ, "ನಿನ್ನ ಟೇಪು ಹಿಡ್ಕೊಂಡು ಬಸ್ಸು ಓಡಿಸಿದ್ರೆ ಜನ ಇನ್ನೂ ಮೊದಲನೇ ಸ್ಟಾಪಲ್ಲೇ ಇರ್ತಿದ್ರು," ಎಂದು ಇವರು ತಿರುಗಿಸಿ ಕೊಡುತ್ತಿದ್ದರು. ಮದುವೆಯಾದಾಗಿನಿಂದ ನಡೆದುಬಂದ ಜಗಳ ಅದು. ಸೋತವರಿಲ್ಲ, ಗೆದ್ದವರೂ ಇಲ್ಲ.

ಅಳತೆ ತೆಗೆಯುವುದರಲ್ಲಿ ಟೈಲರಮ್ಮನದು ಒಂದು ವಿಶೇಷ ಕ್ರಮ. ಗಿರಾಕಿ ಬಂದ ಕೂಡಲೇ ಆಕೆ ಟೇಪಿಗೆ ಕೈ ಹಾಕುತ್ತಿರಲಿಲ್ಲ. ಮಗಳ ಓದು ಹೇಗೆ, ಅತ್ತೆಯ ಮಂಡಿನೋವು ಹೇಗೆ ಎಂದು ಅದೂ ಇದೂ ಕೇಳುವರು. ಬಂದವಳು ಮಾತಿಗೆ ಬಿದ್ದು, ಅತ್ತೆಯ ಮೇಲೆ ಒಂದಿಷ್ಟು ದೂರು ಹೇಳಿ, ಮೈ ಸಡಿಲ ಬಿಟ್ಟಾಗ ಟೇಪು ಸರ್ರನೆ ಸುತ್ತಿ ಬರುತ್ತಿತ್ತು.

"ಟೇಪು ಮೈಗೆ ತಾಗಿದ ಕೂಡಲೇ ಮನುಷ್ಯ ಬೇರೆಯವನಾಗ್ತಾನೆ ರೀ," ಎಂದು ಆಕೆ ಗಂಡನಿಗೆ ವಿವರಿಸಿದ್ದುಂಟು. "ಎದೆ ಮುಂದೆ, ಹೊಟ್ಟೆ ಒಳಗೆ, ಬೆನ್ನು ನೆಟ್ಟಗೆ. ಸಿಪಾಯಿ ಥರ. ಆ ಅಳತೆಗೆ ಹೊಲಿದ್ರೆ ಆ ಸಿಪಾಯಿ ಮಾತ್ರ ಹಾಕ್ಕೋಬೇಕು. ಮನೆಗೆ ಹೋಗಿ ಉಸಿರು ಬಿಟ್ಟರೆ ಗುಂಡಿ ಹಾರಿಹೋಗುತ್ತೆ."

ಡ್ರೈವರು ಇದನ್ನು ಎಷ್ಟು ಸಲ ಕೇಳಿದ್ದರೆಂದರೆ, ಆಕೆ ಶುರು ಮಾಡಿದರೆ ಇವರೇ ಮುಗಿಸುತ್ತಿದ್ದರು.

ಆಮೇಲೆ ಒಂದು ದಿನ ಟೈಲರಮ್ಮನ ಕೈಯಿಂದ ಕತ್ತರಿ ಜಾರಿತು. ಜಾರಿದ್ದಕ್ಕೆ ಆಕೆಯೇ ನಕ್ಕರು. ಕೆಲವು ದಿನಗಳಲ್ಲಿ ಮತ್ತೆ ಜಾರಿತು. ಮಿಷಿನ್ನಿನ ಪೆಡಲು ತುಳಿಯುವಾಗ ಕಾಲು ಹೇಳಿದ ಮಾತು ಕೇಳಲಿಲ್ಲ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದದ್ದಾಯಿತು. ಡಾಕ್ಟರು ಒಳ್ಳೆಯವರು. ಸಮಾಧಾನವಾಗಿ ಕೂರಿಸಿಕೊಂಡು ಹೇಳಿದರು: ಇದು ನರಗಳ ಕಾಯಿಲೆ, ಬಲ ನಿಧಾನವಾಗಿ ಇಳಿಯುತ್ತ ಹೋಗುತ್ತದೆ, ಔಷಧದಿಂದ ಸ್ವಲ್ಪ ತಡೆಯಬಹುದು, ನಿಲ್ಲಿಸಲಾಗದು.

"ಎಷ್ಟು ನಿಧಾನ?" ಎಂದು ಕೇಳಿದರು ಡ್ರೈವರು.

"ಅದು ಒಬ್ಬೊಬ್ಬರಿಗೆ ಒಂದೊಂದು ಥರ. ಹೇಳೋಕಾಗಲ್ಲ."

ಬಸ್ಸಿಗಾದರೆ ವೇಗ ತೋರಿಸುವ ಮುಳ್ಳು ಇರುತ್ತದೆ. ಇದಕ್ಕೆ ಅದೂ ಇಲ್ಲ ಎಂದುಕೊಂಡು ಅವರು ಹೊರಗೆ ಬಂದರು.

ಕಲ್ಲಿನ ಕಥೆ ಶುರುವಾದದ್ದು ಆಮೇಲೆ. ಬಚ್ಚಲ ಮನೆಯ ಮೆಟ್ಟಿಲು ಎತ್ತರವಾಗಿತ್ತು, ಟೈಲರಮ್ಮ ಕಾಲೆತ್ತಿ ಇಡಲು ಒದ್ದಾಡುತ್ತಿದ್ದರು. ಡ್ರೈವರು ಗ್ರಾನೈಟ್ ಅಂಗಡಿಯ ಹಿಂಬದಿಯಿಂದ ಸಿಂಕಿನ ಕಿಂಡಿಯ ತುಂಡೊಂದನ್ನು ತಂದು, ಹೊಳೆಯುವ ಮುಖ ಕೆಳಗೆ, ಒರಟು ಮುಖ ಮೇಲೆ ಬರುವಂತೆ ಇಟ್ಟಿಗೆಯ ಮೇಲೆ ಕೂರಿಸಿ, ನಡುವೆ ಒಂದು ಅರ್ಧ ಮೆಟ್ಟಿಲು ಮಾಡಿದರು. ಆಕೆಗೆ ಅದು ಬಹಳ ಹಿಡಿಸಿತು. ನೋಡಲು ಬಂದವರಿಗೆಲ್ಲ ಹತ್ತಿ ತೋರಿಸಿದರು. ಆ ಸುಖ ಒಂದು ಹಂಗಾಮಿನ ಮಟ್ಟಿಗೆ ಇತ್ತು. ಆಮೇಲೆ ಆ ಅರ್ಧ ಮೆಟ್ಟಿಲೂ ಕಾಲಿಗೆ ಎತ್ತರವಾಯಿತು.

ಬಾಗಿಲ ಹೊರಗೆ ಕುಳಿತು ಚಪ್ಪಲಿ ಹಾಕಿಕೊಳ್ಳಲೆಂದು ಕೆಂಪು ಕಲ್ಲಿನದೊಂದು ಜಗಲಿ ಮಾಡಿಸಿದರು. ಅದರ ಸಿಮೆಂಟು ಒಣಗುವ ಹೊತ್ತಿಗೆ ಟೈಲರಮ್ಮನಿಗೆ ಬೀದಿಗಿಳಿಯುವುದೇ ಆಗದಾಯಿತು. ಈಗ ಅದರ ಮೇಲೆ ಹಾಲಿನವನು ಪ್ಯಾಕೆಟ್ಟು ಇಟ್ಟು ಹೋಗುತ್ತಾನೆ. ಕಿಟಕಿಯ ಬಳಿ ಕೈ ಊರಿ ನಿಲ್ಲಲು ಹಸಿರು ಕಲ್ಲಿನ ಪಟ್ಟಿ ಹಾಕಿಸಿದರು. ಆಕೆ ನಿಲ್ಲುವುದನ್ನು ಬಿಟ್ಟು ಕುರ್ಚಿ ಹಿಡಿದರು. ಪ್ರತಿ ಸಲವೂ ಕಲ್ಲು ಬಂದು ಕೂರುವಾಗ ಕಾಯಿಲೆ ಒಂದು ಸ್ಟಾಪು ಮುಂದೆ ಹೋಗಿ ಇಳಿದಿರುತ್ತಿತ್ತು.

"ಊರಲ್ಲಿರೋ ಅಡುಗೆಮನೆಗಳೆಲ್ಲ ಚೂರುಚೂರಾಗಿ ನಮ್ಮನೆಗೆ ಬಂದು ಕೂತಿವೆ," ಎಂದು ಟೈಲರಮ್ಮ ನಗುತ್ತಿದ್ದರು. ಮಿಕ್ಕ ಬಟ್ಟೆಯ ಚೂರುಗಳನ್ನು ಜೋಡಿಸಿ ದಿಂಬಿನ ಚೀಲ ಹೊಲಿದವರು ಆಕೆ. ಬಣ್ಣಕ್ಕೆ ಬಣ್ಣ ಕೂಡದೆ ಹೋದರೆ ಆಕೆಗೆ ಬೇಸರವಿಲ್ಲ. "ಕೆಂಪು ಪಕ್ಕ ಹಸಿರು ಇಟ್ಟಿದ್ದೀರಲ್ಲ, ಕಣ್ಣಿಗೆ ಹೊಡೆಯುತ್ತೆ," ಎಂದು ಮಾತ್ರ ಒಮ್ಮೊಮ್ಮೆ ಹೇಳುವರು.

ಮಗಳು ಬೇರೆ ಬಡಾವಣೆಯಲ್ಲಿ ಇರುವವಳು, ವಾರಕ್ಕೊಮ್ಮೆ ಬಂದು ಹೋಗುವವಳು. ಅವಳಿಗೆ ಈ ಕಲ್ಲುಗಳನ್ನು ಕಂಡರೆ ಆಗುತ್ತಿರಲಿಲ್ಲ.

"ಅಪ್ಪಾ, ಇನ್ನು ಸಾಕು ಮಾಡು. ಅಡುಗೆಗೆ ಒಬ್ಬರನ್ನ ಇಡೋಣ. ಅಮ್ಮ ಕೂತಲ್ಲೇ ಊಟ ಮಾಡ್ಲಿ."

"ಅಮ್ಮನ್ನ ಕೇಳು," ಎಂದರು ಡ್ರೈವರು.

ಅಮ್ಮ ಮಗಳ ಮುಖ ನೋಡಲಿಲ್ಲ. ತೊಡೆಯ ಮೇಲಿದ್ದ ತನ್ನ ಕೈಗಳನ್ನೇ ನೋಡುತ್ತ ಹೇಳಿದರು: "ಹೊಲಿಗೆ ಹೋಯ್ತು, ಹೋಗ್ಲಿ ಅಂದೆ. ಬೀದಿ ಹೋಯ್ತು, ಅದಕ್ಕೂ ಹೋಗ್ಲಿ ಅಂದೆ. ಒಲೆ ಒಂದನ್ನ ನನಗೆ ಬಿಡಿ. ಬೆಳಗ್ಗೆ ಎದ್ದು ನಾನು ಮಾಡಿದ ಚಹಾ ನಾನು ಕುಡಿಬೇಕು. ಅವರಿಗೂ ನಾನೇ ಕೊಡಬೇಕು. ಅದೂ ಹೋದ್ರೆ ನಾನು ಈ ಮನೇಲಿ ನೆಂಟರ ಹಾಗೆ ಆಗ್ತೀನಿ."

ಆ ಮಾತು ಡ್ರೈವರ ಎದೆಗೆ ಹೋಗಿ ಕೂತಿತು. ಅಡುಗೆಮನೆಯ ಕಟ್ಟೆ ನಿಂತು ಮಾಡುವವರ ಎತ್ತರದ್ದು. ಅದರ ಎದುರಿನ ಗೋಡೆಗೆ ಕುರ್ಚಿಯಲ್ಲಿ ಕುಳಿತು ಮಾಡುವಂಥ ಒಂದು ತಗ್ಗು ಕಟ್ಟೆ ಹಾಕಿಸಿಬಿಡುವುದೆಂದು ನಿಶ್ಚಯಿಸಿದರು. ಅದಕ್ಕೆ ಉದ್ದನೆಯ ತುಂಡೇ ಬೇಕು. ಒಲೆ ಇರಬೇಕು, ಪಕ್ಕದಲ್ಲಿ ಪಾತ್ರೆ ಇಳಿಸಲು ಜಾಗ ಇರಬೇಕು, ಆಕೆಯ ಮೊಣಕಾಲು ಅಡಿಯಲ್ಲಿ ತೂರಬೇಕು. ಅಷ್ಟು ಉದ್ದದ ತುಂಡು ಹಿಂಬದಿಯ ಗೋಡೆಗೆ ಬರುವುದು ಅಪರೂಪ. ಅಷ್ಟಿದ್ದರೆ ಯಜಮಾನ ಅದನ್ನು ಯಾವುದಾದರೂ ಚಿಕ್ಕ ಮನೆಯ ಕಟ್ಟೆಗೆ ಹೊಂದಿಸಿಬಿಡುತ್ತಾನೆ. ಡ್ರೈವರು ದಿನ ಬಿಟ್ಟು ದಿನ ಹೋಗಿ ಬಂದರು. ಅವರನ್ನು ಮೊದಲ ಸಲ ಕಂಡೆವಲ್ಲ, ಅದು ಈ ಕಾಯುವಿಕೆಯ ಕಾಲದ ಮಾತು.

ಕೊನೆಗೊಂದು ಸಲ ಯಜಮಾನನೇ ಫೋನು ಮಾಡಿದ. ಕಪ್ಪು ಕಲ್ಲು, ಬಿಳಿಯ ಚುಕ್ಕೆ, ಯಾರೋ ಆರ್ಡರು ಕೊಟ್ಟು ಕೊಯ್ಯಿಸಿದ ಮೇಲೆ ಬಣ್ಣ ಒಪ್ಪದೆ ಬಿಟ್ಟುಹೋದದ್ದು. ಒಂದು ಮೂಲೆ ಒಡೆದಿತ್ತು. "ಆ ಮೂಲೆ ಗುಂಡಗೆ ಉಜ್ಜಿ ಕೊಡ್ತೀನಿ ಸಾಹೇಬ್ರೇ. ಅಮ್ಮಾವ್ರ ಮೊಣಕೈ ತರಚೋದಿಲ್ಲ," ಎಂದ. ಬಾಯಿ ಒರಟಾದರೂ ಮನುಷ್ಯ ಒಳ್ಳೆಯವನು.

ಅಳತೆ ತೆಗೆದುಕೊಂಡ ದಿನವನ್ನು ಡ್ರೈವರು ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಹೇಳುತ್ತಾರೆ. ಬೆಳಗಿನ ಬಿಸಿಲು ಅಡುಗೆಮನೆಯ ನೆಲಕ್ಕೆ ಬಿದ್ದಿತ್ತು. ಟೈಲರಮ್ಮ ತಲೆ ಬಾಚಿಕೊಂಡು, ಒಗೆದ ಸೀರೆ ಉಡಿಸಿಕೊಂಡು ಕುರ್ಚಿಯಲ್ಲಿ ಬಂದು ಕುಳಿತಿದ್ದರು.

"ಕಣ್ಣಳತೆ ಬೇಡ ರೀ. ಟೇಪಲ್ಲೇ ನೋಡಿ. ಇದು ಕಲ್ಲು, ಆಮೇಲೆ ಬಿಚ್ಚಿ ಹೊಲಿಯೋಕಾಗಲ್ಲ."

"ಸರಿ ಟೈಲರಮ್ಮಾ, ಅಪ್ಪಣೆ."

ಅವರು ನೆಲಕ್ಕೆ ಮಂಡಿಯೂರಿ, ಟೇಪಿನ ಒಂದು ತುದಿಯನ್ನು ನೆಲಕ್ಕೆ ಒತ್ತಿ, ಇನ್ನೊಂದನ್ನು ಆಕೆಯ ಮೊಣಕೈಯವರೆಗೆ ಎತ್ತಿದರು. ಎರಡು ಸಲ ನೋಡಿದರು. ಇಬ್ಬರೂ ಮಾತಾಡಲಿಲ್ಲ. ಒಂದು ದೊಡ್ಡ ಕೆಲಸ ನಡೆಯುತ್ತಿದೆ ಎಂಬ ಗಾಂಭೀರ್ಯ ಇಬ್ಬರ ಮುಖದಲ್ಲೂ ಇತ್ತು. ಆಕೆ ಬೆನ್ನು ನೆಟ್ಟಗೆ ಮಾಡಿ, ಗಲ್ಲ ಎತ್ತಿ, ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ಎಷ್ಟು ಚೆನ್ನಾಗಿ ಕೂತಿದ್ದಾಳೆ ಎಂದು ಡ್ರೈವರಿಗೆ ಸಂತೋಷವೇ ಆಯಿತು. ಬಹಳ ದಿನಗಳಿಂದ ಆಕೆ ಹಾಗೆ ಕೂತಿರಲಿಲ್ಲ.

ಗಾರೆಯವನು ಬಂದು ಎರಡು ಇಟ್ಟಿಗೆ ಗೋಡೆ ಎಬ್ಬಿಸಿ, ಹೇಳಿದ ಅಳತೆಗೆ ಕೂದಲೆಳೆಯಷ್ಟೂ ತಪ್ಪದೆ ಕಲ್ಲು ಕೂರಿಸಿದ. ಸಿಮೆಂಟು ಹಿಡಿಯುವ ತನಕ ಯಾರೂ ಮುಟ್ಟಲಿಲ್ಲ. ಒಲೆಯನ್ನು ಇಳಿಸಿ ಅದರ ಮೇಲಿಟ್ಟರು. ಮಗಳೂ ಆ ಬೆಳಿಗ್ಗೆ ಬಂದಳು. ಬೇಡ ಬೇಡ ಎನ್ನುತ್ತಿದ್ದವಳೇ ಹೊಸದೊಂದು ಚಹಾ ಪಾತ್ರೆ ತಂದಿದ್ದಳು, ಉದ್ದ ಹಿಡಿಯದು, ಹಗುರ.

ಕುರ್ಚಿಯನ್ನು ಕಟ್ಟೆಯ ಅಡಿಗೆ ಸರಿಸಿದರು. ಟೈಲರಮ್ಮ ಕೈ ಚಾಚಿದರು. ಅಷ್ಟರಲ್ಲಿ ಅವರ ಬೆನ್ನು, ದಿನವೂ ಇರುವ ಹಾಗೆ, ತನ್ನಷ್ಟಕ್ಕೆ ಬಾಗಿ ಕುಸಿಯಿತು. ಕಟ್ಟೆಯ ಅಂಚು ಎದೆಯ ಮಟ್ಟಕ್ಕೆ ಬಂದು ನಿಂತಿತು. ಪಾತ್ರೆಯೊಳಗೆ ನೀರು ಎಷ್ಟಿದೆ ಎಂದು ನೋಡಲು ಅವರು ಗಲ್ಲ ಎತ್ತಬೇಕಾಯಿತು. ಮೊಣಕೈ ಹೆಗಲಿನ ಎತ್ತರಕ್ಕೆ ಏರಿ, ಅಲ್ಲಿ ನಿಲ್ಲಲಾರದೆ ನಡುಗಿ, ಕೆಳಗೆ ಬಿತ್ತು. ಇನ್ನೊಮ್ಮೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಆಗ ಎಲ್ಲ ಸರಿಯಾಗಿತ್ತು. ಉಸಿರು ಬಿಟ್ಟರು, ಮತ್ತೆ ಕುಸಿದರು.

ಮಗಳು ಹಚ್ಚಿಟ್ಟಿದ್ದ ಒಲೆಯ ಮೇಲೆ ನೀರು ಕುದಿಯತೊಡಗಿತು.

"ನಾನು ಉಸಿರು ಹಿಡಿದು ಕೂತಿದ್ದೆ," ಎಂದರು ಟೈಲರಮ್ಮ. "ಅಳತೆ ದಿನ. ನನ್ನ ಗಿರಾಕಿಗಳ ಹಾಗೆ."

"ನಾನಾದ್ರೂ ಮಾತಾಡಿಸಬೇಕಿತ್ತು," ಎಂದರು ಡ್ರೈವರು.

"ಏನಂತ ಮಾತಾಡಿಸ್ತಿದ್ರಿ? ನನಗೆ ಅತ್ತೆ ಇದ್ದಾರಾ, ದೂರು ಹೇಳೋಕೆ?"

ನಗಬೇಕಾದ ಮಾತೇ. ಮಗಳು ಮುಖ ತಿರುಗಿಸಿ ಒಲೆ ಆರಿಸಿದಳು.

ಗಾರೆಯವನನ್ನು ಮತ್ತೆ ಕರೆಸಿದರು. ಅವನು ಕಲ್ಲಿನ ಕೆಳಗೆ ಬೆರಳು ಆಡಿಸಿ ನೋಡಿ, ತಲೆ ಕೆರೆದುಕೊಂಡ. "ಚೆನ್ನಾಗಿ ಹಿಡಿದುಬಿಟ್ಟಿದೆ ಸಾರ್. ಎಬ್ಬಿಸೋಕೆ ಹೋದ್ರೆ ಎರಡು ಹೋಳು. ನೀವು ಹೇಳಿದ ಅಳತೆಗೇ ಅಲ್ವಾ ಇಟ್ಟಿದ್ದು?" ಎಂದ. ಅವನದೇನೂ ತಪ್ಪಿಲ್ಲ. ತಪ್ಪು ಯಾರದೆಂದು ಹುಡುಕಿದರೂ ಯಾರ ಮೇಲೂ ಹೊರಿಸುವಂತಿರಲಿಲ್ಲ. ಹೆಂಡತಿ ಗಂಡನೆದುರು ಗಟ್ಟಿಯಾಗಿ ಕೂತು ತೋರಿಸಲು ಆಸೆಪಟ್ಟಿದ್ದಳು. ಗಂಡ ಆ ಗಟ್ಟಿತನವನ್ನು ನಂಬಲು ಆಸೆಪಟ್ಟಿದ್ದ.

ಕಟ್ಟೆ ಇಳಿಯದಿದ್ದರೆ ಕುರ್ಚಿ ಏರಲಿ ಎಂದುಕೊಂಡು ಮೊದಲು ಕುರ್ಚಿಗೆ ದಿಂಬು ಹಾಕಿದರು. ಟೈಲರಮ್ಮನ ಪಾದಗಳು ನೆಲ ಬಿಟ್ಟು ತೂಗಾಡಿದವು, ಆಕೆ ಮುಂದಕ್ಕೆ ಜಾರತೊಡಗಿದರು. ಕುರ್ಚಿ, ಪಾದ ಎರಡರ ಅಡಿಗೂ ಮರದ ಹಲಗೆ ಹಾಸಿದರು. ಹಲಗೆ ಕುಣಿಯಿತು. ಒಂದು ಸಲ ಕುರ್ಚಿಯ ಕಾಲು ಅಂಚಿನಿಂದ ಜಾರಿ, ಡ್ರೈವರು ಹಿಡಿದುಕೊಳ್ಳದಿದ್ದರೆ ಆಕೆ ಒಲೆಯ ಮೇಲೆ ಬೀಳುತ್ತಿದ್ದರು. ಅಂದಿನಿಂದ ಹಲಗೆ ಕಂಡರೆ ಆಕೆಯ ಮೈ ಬಿಗಿಯುತ್ತಿತ್ತು.

ಕಲ್ಲೇ ಆಗಬೇಕು ಎಂದರು ಡ್ರೈವರು. ಮತ್ತೆ ಕೊರಳಿಗೆ ಟೇಪು, ಮತ್ತೆ ಹಿಂಬದಿಯ ಗೋಡೆ. ಈ ಸಲ ಬೇಕಾದದ್ದು ಸಿಂಕಿನ ಕಿಂಡಿಯ ತುಂಡುಗಳು, ಇಟ್ಟಿಗೆಯ ಮೇಲೆ ಅಕ್ಕಪಕ್ಕ ಜೋಡಿಸಿ ಒಂದು ಚಿಕ್ಕ ವೇದಿಕೆ ಮಾಡಲು. ಎಲ್ಲವೂ ಒಂದೇ ದಪ್ಪ ಇರಬೇಕು, ಇಲ್ಲದಿದ್ದರೆ ಕುರ್ಚಿ ಗಡಗಡ ಎನ್ನುತ್ತದೆ. ನೋಡಿದರೆ ಒಂದಿದ್ದ ದಪ್ಪ ಇನ್ನೊಂದಿಲ್ಲ. ಎರಡು ಸಿಕ್ಕವು. ಮೂರನೆಯದಕ್ಕೆ ಕಾಯಬೇಕಾಯಿತು.

"ಹೊಸ ಚಪ್ಪಡಿಯಿಂದಲೇ ಕೊಯ್ದು ಕೊಡ್ತೀನಿ, ತಗೊಂಡು ಹೋಗಿ," ಎಂದ ಯಜಮಾನ, ಅವರ ಮುಖ ನೋಡಲಾರದೆ. "ಪರವಾಗಿಲ್ಲ."

"ಕೊಯ್ಯೋಕೆ ಎಷ್ಟು ದಿನ?"

"ಮಿಷಿನ್ ಕೆಟ್ಟಿದೆ. ರಿಪೇರಿಯವನು ಬರಬೇಕು."

ಡ್ರೈವರು ತುಂಡುಗಳ ಸಾಲಿನ ಎದುರು ಸುಮ್ಮನೆ ನಿಂತರು. ಬಸ್ಸು ಮುಂದೆ ಹೋಗದೆ ನಿಂತಾಗ ಪ್ರಯಾಣಿಕರೆಲ್ಲ ಡ್ರೈವರನ ಬೆನ್ನನ್ನೇ ನೋಡುತ್ತಾರೆ. ಅವನ ಮುಂದೆ ರೈಲ್ವೆ ಗೇಟು ಮುಚ್ಚಿರುತ್ತದೆ. ಅವನು ಸ್ಟೀರಿಂಗು ಹಿಡಿದು ಕೂತಿರುತ್ತಾನೆ, ಮಾಡುವುದೇನೂ ಇರುವುದಿಲ್ಲ. ತಮಗೆ ಆಗ ಹಾಗೆಯೇ ಅನ್ನಿಸಿತು ಎಂದು ಅವರು ಎಷ್ಟೋ ದಿನಗಳ ಮೇಲೆ ಹೇಳಿದರು.

ಮಿಷಿನ್ನು ರಿಪೇರಿಯಾಯಿತು. ಮೂರನೆಯ ತುಂಡು ಬಂತು. ವೇದಿಕೆಯ ಎತ್ತರಕ್ಕೆ ಅಳತೆ ತೆಗೆಯುವಾಗ ಡ್ರೈವರು ಈ ಸಲ ಜಾಣರಾಗಿದ್ದರು. ಹೆಂಡತಿಯ ಜೊತೆ ಆಕೆಯ ಹಳೆಯ ಗಿರಾಕಿಯೊಬ್ಬಳ ವಿಷಯ ತೆಗೆದರು. ಒಂದೇ ರವಿಕೆಯನ್ನು ಐದು ಸಲ ಬಿಚ್ಚಿಸಿ ಹೊಲಿಸಿದ್ದವಳು. ಟೈಲರಮ್ಮ ಉತ್ಸಾಹದಿಂದ ಬೈಯುತ್ತ ಬೈಯುತ್ತ ಕುರ್ಚಿಯಲ್ಲಿ ಸಡಿಲವಾಗಿ ಕುಸಿದಾಗ ಟೇಪು ಎತ್ತಿದರು.

"ಕಳ್ಳರು," ಎಂದರು ಆಕೆ, ಗೊತ್ತಾಗಿ. "ನನ್ನ ವಿದ್ಯೆ ನನ್ನ ಮೇಲೇ ಪ್ರಯೋಗ ಮಾಡ್ತೀರಾ?"

ವೇದಿಕೆ ಗಟ್ಟಿಯಾಗಿ ಕೂತಿತು. ಒಂದು ತುಂಡು ಬೂದು, ಒಂದು ಕಂದು, ಹೊಸದು ಕಪ್ಪು. ಕುರ್ಚಿ ಅಲುಗಲಿಲ್ಲ, ಪಾದಗಳು ನೆಲೆಗೊಂಡವು. ಡ್ರೈವರು ಪಾತ್ರೆಗೆ ನೀರು ಹಾಕಿ ಒಲೆಯ ಪಕ್ಕದಲ್ಲಿಟ್ಟು ಹಿಂದೆ ಸರಿದು ನಿಂತರು. ಟೈಲರಮ್ಮನ ಮೊಣಕೈ ಕಟ್ಟೆಯ ಮೇಲೆ ಹಗುರವಾಗಿ ಬಂದು ಕೂತಿತು, ಎಲ್ಲಿ ಕೂರಬೇಕೋ ಸರಿಯಾಗಿ ಅಲ್ಲಿ. ಬೆರಳುಗಳು ಪಾತ್ರೆಯ ಹಿಡಿಯನ್ನು ಸುತ್ತಿದವು. ಆಕೆ ಎತ್ತಿದರು. ಎತ್ತಿದೆನೆಂದು ಆಕೆಗನ್ನಿಸಿತು, ಪಾತ್ರೆ ಮಾತ್ರ ಅಲ್ಲೇ ಇತ್ತು. ಇನ್ನೊಂದು ಕೈಯನ್ನೂ ಸೇರಿಸಿದರು. ಪಾತ್ರೆ ಕಲ್ಲಿನ ಮೇಲೆ ಒಂದು ಬೆರಳಿನಷ್ಟು ಜರುಗಿ ನಿಂತಿತು.

ಕಾಯುತ್ತ ಕಳೆದ ದಿನಗಳಲ್ಲಿ ಕೈಯೂ ಇಳಿದುಹೋಗಿತ್ತು. ಬೆನ್ನು, ಪಾದಗಳ ಮೇಲೆಯೇ ಕಣ್ಣಿಟ್ಟವರು ಕೈಯನ್ನು ಗಮನಿಸಿರಲಿಲ್ಲ.

ಟೈಲರಮ್ಮ ಹಿಡಿಯಿಂದ ಬೆರಳು ಬಿಡಿಸಿಕೊಂಡು ಕಟ್ಟೆಯ ಅಂಚನ್ನು ಸವರಿದರು, ಹೊಲಿಗೆ ಮುಗಿದ ಬಟ್ಟೆಯ ಮಡಿಕೆಯನ್ನು ಸವರುವ ಹಾಗೆ. ಗುಂಡಗೆ ಉಜ್ಜಿದ ಮೂಲೆಯವರೆಗೆ ಹೋಗಿ ಕೈ ನಿಂತಿತು.

"ಅಳತೆ ಸರಿಯಾಗಿದೆ ರೀ," ಎಂದರು.

ಡ್ರೈವರು ಹೋಗಿ ಬಚ್ಚಲ ಮನೆಯ ನಲ್ಲಿ ತಿರುಗಿಸಿ, ನೀರು ಹರಿಯಲು ಬಿಟ್ಟು, ತುಸು ಹೊತ್ತು ಅಲ್ಲೇ ನಿಂತಿದ್ದರು.

ಈಗ ಅವರ ಮನೆಯಲ್ಲಿ ಬೆಳಗಿನ ಚಹಾ ಆ ತಗ್ಗು ಕಟ್ಟೆಯ ಮೇಲೆಯೇ ಆಗುತ್ತದೆ. ಮಾಡುವವರು ಡ್ರೈವರು. ಕೂತು ಮಾಡೋಣವೆಂದರೆ ಇರುವ ಜಾಗವೆಲ್ಲ ವೇದಿಕೆ, ಅದರ ಮೇಲೆ ಹೆಂಡತಿಯ ಕುರ್ಚಿ. ಹಾಗಾಗಿ ಪಕ್ಕದಿಂದ ನಡು ಬಗ್ಗಿಸಿ ಮಾಡುತ್ತಾರೆ. ಎತ್ತರದ ಆಳು, ಆ ಕಟ್ಟೆ ಅವರ ತೊಡೆಯ ಮಟ್ಟಕ್ಕಷ್ಟೇ ಬರುತ್ತದೆ. ಬೆನ್ನು ಹಿಡಿದುಕೊಳ್ಳುತ್ತದೆ. ಹಿಂದೆ, ತಿರುಗಿದರೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಹಳೆಯ ಎತ್ತರದ ಕಟ್ಟೆ ಖಾಲಿ ಇದೆ.

"ಅಲ್ಲಿ ಮಾಡ್ರಿ, ಸೊಂಟ ಉಳಿಯುತ್ತೆ," ಎನ್ನುತ್ತಾರೆ ಟೈಲರಮ್ಮ.

"ಅಲ್ಲಾದ್ರೆ ನಿನಗೆ ಕಾಣೋದಿಲ್ಲ."

"ಕಾಣದೇ ಇದ್ರೆ ಏನಂತೆ?"

"ಸಕ್ಕರೆ ಜಾಸ್ತಿ ಹಾಕಿಬಿಡ್ತೀನಿ."

"ಕಂಡರೂ ಹಾಕ್ತಿದ್ದೀರಲ್ಲ. ಸಾಕು, ನಿಲ್ಲಿಸಿ. ಉಕ್ಕುತ್ತೆ ನೋಡಿ, ಉರಿ ಇಳಿಸಿ."

ಅವರು ಉರಿ ಇಳಿಸುತ್ತಾರೆ. ಸೋಸಿ, ಆರಿಸಿ, ಲೋಟವನ್ನು ಆಕೆಯ ತುಟಿಗೆ ಹಿಡಿಯುತ್ತಾರೆ. ಆಕೆ ಒಂದು ಗುಟುಕು ಕುಡಿದು, ರುಚಿಯ ಬಗ್ಗೆ ಏನಾದರೂ ಒಂದು ಕೊಂಕು ತೆಗೆದೇ ತೆಗೆಯುತ್ತಾರೆ. ಕೊಂಕು ತೆಗೆಯದ ದಿನ ಡ್ರೈವರಿಗೆ ಹೆದರಿಕೆಯಾಗುತ್ತದೆ.

ಗ್ರಾನೈಟ್ ಅಂಗಡಿಗೆ ಹೋಗುವುದನ್ನು ಅವರು ಬಿಟ್ಟಿಲ್ಲ. ಮಂಚದ ಪಕ್ಕದಲ್ಲಿ ಒಂದು ಚಿಕ್ಕ ಕಟ್ಟೆ ಬೇಕು, ನೀರಿನ ಲೋಟ, ಮಾತ್ರೆ, ಕರೆಗಂಟೆ ಇಡಲು. ಆಕೆ ಕೈ ಚಾಚಿದರೆ ಸಿಗುವಷ್ಟು ಹತ್ತಿರಕ್ಕೆ. ತುಂಡು ಸಿಕ್ಕಿದೆ, ಬಿಳಿಯ ಕಲ್ಲು, ಚೊಕ್ಕವಾಗಿದೆ. ಯಜಮಾನ ಅದರ ಮೇಲೆ ಸೀಮೆಸುಣ್ಣದಿಂದ "ಡ್ರೈವರು" ಎಂದು ಬರೆದು ಬೇರೆ ಒರಗಿಸಿಟ್ಟಿದ್ದಾನೆ. ಕೈ ಎಷ್ಟು ದೂರ ಚಾಚಬಲ್ಲದು ಎಂಬ ಅಳತೆಯೊಂದನ್ನು ಕೊಟ್ಟರೆ ಕೊಯ್ದುಕೊಡುವುದಷ್ಟೇ ಬಾಕಿ.

"ಅಳತೆ ಹೇಳಿ ಸಾಹೇಬ್ರೇ," ಎಂದು ಇವರು ಹೋದಾಗಲೆಲ್ಲ ಅವನು ಕೇಳುತ್ತಾನೆ.

ಡ್ರೈವರು ಕೊರಳಿನ ಟೇಪನ್ನು ಬಿಡಿಸಿ ಕೈಗೆ ತೆಗೆದುಕೊಳ್ಳುತ್ತಾರೆ. ಇಂದಿನ ಅಳತೆ ಅವರಿಗೆ ಗೊತ್ತು. ಆಕೆಯನ್ನು ಮಾತಿಗೆಳೆದು, ಸಡಿಲವಾಗಿದ್ದಾಗಲೇ ತೆಗೆದದ್ದು. ಕಲ್ಲು ಕೊಯ್ದು, ಮನೆಗೆ ಬಂದು, ಸಿಮೆಂಟು ಹಿಡಿದ ದಿನದ ಅಳತೆ ಯಾವುದೆಂದು ಅವರಿಗೆ ಹೊಳೆಯುವುದಿಲ್ಲ. ಟೇಪನ್ನು ಬೆರಳಿಗೆ ಸುತ್ತುತ್ತಾರೆ, ಬಿಡಿಸುತ್ತಾರೆ.

"ಇನ್ನೊಂದ್ಸಲ ನೋಡ್ಕೊಂಡು ಬರ್ತೀನಿ," ಎನ್ನುತ್ತಾರೆ. ಬಿಳಿಯ ತುಂಡನ್ನು ಇದ್ದಲ್ಲಿಯೇ ಗೋಡೆಗೆ ಸರಿಯಾಗಿ ಒರಗಿಸಿ, ಚಪ್ಪಲಿಯ ಕೆಸರನ್ನು ನಲ್ಲಿಯ ಕೆಳಗೆ ತೊಳೆದುಕೊಂಡು, ಮನೆಯ ಕಡೆ ಬೇಗಬೇಗ ನಡೆಯುತ್ತಾರೆ.